ಕಾಯುವುದೂ ಒಂದು ನಡೆ: ಚದುರಂಗದ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು

ಕ್ಯುಪರ್ಟಿನೋದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಚದುರಂಗ ಕಲಿಯುವವರು ಅನೇಕರು. ಒಂದು ಬಗೆಯ ಎದುರಾಳಿಯನ್ನು ಕಂಡರೆ ಮಾತ್ರ ಅವರಿಗೆ ಬಲು ಬೇಸರ. ಆತ ಕಾಲಾಳುಗಳನ್ನು ಒಂದೊಂದೇ ಮನೆ ಸರಿಸುತ್ತಾನೆ, ಒಂಟೆಯನ್ನು ಪಕ್ಕದಲ್ಲಿ ಅಡಗಿಸಿ ಕೂರಿಸುತ್ತಾನೆ, ನಡುಮನೆಗಳನ್ನೆಲ್ಲ ನಮಗೇ ಬಿಟ್ಟುಕೊಟ್ಟು ಸುಮ್ಮನೆ ಕಾಯುತ್ತಾನೆ. ಜಗಳಕ್ಕೇ ಬಾರದವನನ್ನು ಗೆಲ್ಲುವುದು ಹೇಗೆ? ಈ ಪ್ರಶ್ನೆ ಬಂದಾಗಲೆಲ್ಲ ನಮಗೆ ಮೈಸೂರಿನ ಅರಸರೊಬ್ಬರ ಬಾಳು ನೆನಪಾಗುತ್ತದೆ. ಚದುರಂಗವನ್ನು ಬಹುವಾಗಿ ಪ್ರೀತಿಸಿದ ಅವರು ಬದುಕಿನಲ್ಲೂ ಅಂಥದೇ ಆಟ ಆಡಬೇಕಾಯಿತು.

ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ, ಶ್ರೀರಂಗಪಟ್ಟಣದಲ್ಲಿ. 1799ರಲ್ಲಿ ಟಿಪ್ಪು ಸುಲ್ತಾನರು ಮಡಿದ ಮೇಲೆ ಇಂಗ್ಲಿಷರು ಐದು ವರ್ಷದ ಈ ಬಾಲಕನನ್ನು ಗದ್ದುಗೆಯ ಮೇಲೆ ಕೂರಿಸಿದರು. ಅಜ್ಜಿ ಲಕ್ಷ್ಮಮ್ಮಣ್ಣಿಯವರ ಆಸರೆಯಲ್ಲಿ, ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ರಾಜ್ಯ ನಡೆಯಿತು. ಕಂಪನಿಗೆ ವರ್ಷಕ್ಕೆ ಏಳು ಲಕ್ಷ ವರಹ ಕಟ್ಟಬೇಕೆಂಬ ಕರಾರು ಹೆಗಲ ಮೇಲಿತ್ತು. ಪೂರ್ಣಯ್ಯನವರು ನಿವೃತ್ತರಾದ ಬಳಿಕ ತರುಣ ಅರಸರೇ ಅಧಿಕಾರ ವಹಿಸಿಕೊಂಡರು. ಕೈ ಧಾರಾಳ, ಖರ್ಚು ಹೆಚ್ಚು, ಕಂದಾಯ ವಸೂಲಿಯಲ್ಲಿ ಅಧಿಕಾರಿಗಳ ದಬ್ಬಾಳಿಕೆ. 1830ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದರು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಅರಸರ ಕೈಯಿಂದ ಕಿತ್ತುಕೊಂಡ. ಆಗ ಅವರಿಗೆ 37 ವರ್ಷ. ಉಳಿದದ್ದು ಅರಮನೆ, ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ನಿವ್ವಳ ಆದಾಯದ ಐದನೇ ಒಂದು ಪಾಲು. ಅಧಿಕಾರದ ಕೇಂದ್ರ ಬೆಂಗಳೂರಿಗೆ ಹೋಯಿತು. ಚದುರಂಗದ ಭಾಷೆಯಲ್ಲಿ ಹೇಳುವುದಾದರೆ, ನಡುಮನೆಗಳೆಲ್ಲ ಎದುರಾಳಿಯ ಪಾಲಾದವು.

ಅಂದಿನಿಂದ ಅರಸರು ಮಾಡಿದ್ದೇನು? ಮೇಲುನೋಟಕ್ಕೆ ಆಟ, ಪಾಠ, ಪೂಜೆ. ದೇವತಾ ಸ್ವರೂಪಗಳಿಂದ ಹಿಡಿದು ಆಟವಿನೋದಗಳವರೆಗೆ ಒಂಬತ್ತು ನಿಧಿಗಳಿರುವ ಶ್ರೀತತ್ತ್ವನಿಧಿಯನ್ನು ಸಿದ್ಧಪಡಿಸಿದರು. ಚದುರಂಗದ ಬಗ್ಗೆಯೇ ಚತುರಂಗ ಸಾರ ಸರ್ವಸ್ವ ಎಂಬ ಗ್ರಂಥ ಅವರ ಹೆಸರಿನಲ್ಲಿದೆ. ಒಂದೇ ಕುದುರೆ 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಬರುವ ಕುದುರೆನಡೆಯ ಬಂಧಗಳನ್ನು ರಚಿಸಿದರು. ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟಗಳನ್ನು ಹೂಡಿದರು. 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆ ತೆರೆದರು. ಇದರ ಜೊತೆಗೇ, ರಾಜ್ಯವನ್ನು ಹಿಂದಿರುಗಿಸಿರೆಂದು ಒಬ್ಬರಾದ ಮೇಲೊಬ್ಬರಂತೆ ಬಂದ ಗವರ್ನರ್ ಜನರಲ್‌ಗಳಿಗೆ ಮನವಿ ಬರೆಯುತ್ತಲೇ ಇದ್ದರು. ಕತ್ತಿ ಎತ್ತಲಿಲ್ಲ, ಕರಾರು ಮುರಿಯಲಿಲ್ಲ, ಹಕ್ಕನ್ನೂ ಬಿಟ್ಟುಕೊಡಲಿಲ್ಲ.

ನಮ್ಮ ದೇಶದ ಹಳೆಯ ಚದುರಂಗದ ರೀತಿಯೇ ಅದು. ಅಲ್ಲಿ ಕಾಲಾಳು ಸಾಮಾನ್ಯವಾಗಿ ಮೊದಲ ನಡೆಯಲ್ಲೂ ಒಂದೇ ಮನೆ ಚಲಿಸುತ್ತಿತ್ತು. ಹಾಗಾಗಿ ಮೊದಲು ವ್ಯೂಹ, ಆಮೇಲೆ ಯುದ್ಧ. ಅರಸರ ಕಾಲದಲ್ಲಿಯೇ ಕಲ್ಕತ್ತೆಯಲ್ಲಿ ಮಹೇಶಚಂದ್ರ ಬ್ಯಾನರ್ಜಿ ಎಂಬವರು ಜಾನ್ ಕಾಕ್ರೇನ್ ಎಂಬ ಬ್ಯಾರಿಸ್ಟರನ ಎದುರು ಇಂಥ ವ್ಯೂಹಗಳನ್ನು ಹೂಡಿ ನೂರಾರು ಆಟ ಆಡಿದರು. ಕಿಂಗ್ಸ್ ಇಂಡಿಯನ್ ಮೊದಲಾದ ರಕ್ಷಣೆಗಳಿಗೆ ಇಂಡಿಯನ್ ಎಂಬ ಹೆಸರು ಬರಲು ಆ ಆಟಗಳೇ ಮೂಲ.

ಇಂಥ ವ್ಯೂಹದ ಎದುರು ಕೂತವರಿಗೆ ಬಲ್ಲವರು ಹೇಳಿಕೊಡುವುದು ಮೂರು ಮಾತು. ಸಿಕ್ಕಿದ ನಡುಮನೆಗಳನ್ನು ಹಿಡಿ, ಆದರೆ ಹಿಂದೆ ಬಲವಿಲ್ಲದೆ ಕಾಲಾಳುಗಳನ್ನು ಮುಂದೆ ಮುಂದೆ ನೂಕಬೇಡ. ಎದುರಾಳಿ ಸುಮ್ಮನಿದ್ದಾನೆಂದು ಅವಸರದ ದಾಳಿಗೆ ಇಳಿಯಬೇಡ, ಮೊದಲು ನಿನ್ನ ಕಾಯಿಗಳನ್ನೆಲ್ಲ ಹೊರಗೆ ತಾ. ಎಲ್ಲಕ್ಕಿಂತ ಮುಖ್ಯವಾಗಿ, ಅವನ ಯಾವ ಕಾಲಾಳು ಒಂದು ದಿನ ಎದ್ದು ನಡುವನ್ನು ಹೊಡೆಯಲಿದೆ ಎಂದು ಕಂಡುಹಿಡಿದು ಆ ಮನೆಯನ್ನು ಕಾಯಿ. ಕಿಂಗ್ಸ್ ಇಂಡಿಯನ್‌ನಲ್ಲಿ ಅದು ಹೆಚ್ಚಾಗಿ ರಾಜನ ಮುಂದಿನ ಕಾಲಾಳು, ಇಲ್ಲವೇ ಮಂತ್ರಿಯ ಬದಿಯ ಒಂಟೆಯ ಮುಂದಿನದು. ಆ ಒಂದು ಏಟನ್ನು ತಡೆದರೆ ಎದುರಾಳಿಗೆ ಉಸಿರುಕಟ್ಟುತ್ತದೆ. ಮರೆತರೆ ಗೆದ್ದ ಜಾಗವೆಲ್ಲ ಹೊರೆಯಾಗುತ್ತದೆ.

ಮುಮ್ಮಡಿಯವರ ಎದುರು ಕೂತ ಇಂಗ್ಲಿಷರು ಈ ಮಾತುಗಳನ್ನು ಮರೆತರು. 1860ರಲ್ಲಿ ಮೈಸೂರನ್ನು ಮದರಾಸು ಸರ್ಕಾರದ ಕೆಳಗೆ ತರುವ ಆಜ್ಞೆ ಹೊರಟಿತು. ಅರಸರು ಬಲವಾಗಿ ಪ್ರತಿಭಟಿಸಿದರು. ಅವರದೇ ಕಮಿಷನರ್ ಮಾರ್ಕ್ ಕಬ್ಬನ್ ಕೂಡ ಅದಕ್ಕೆ ಒಪ್ಪಲಿಲ್ಲ. ಆಜ್ಞೆ ಹಿಂದೆ ಸರಿಯಿತು. ಅತಿಯಾಗಿ ನೂಕಿದ ಕಾಲಾಳು ಬಿದ್ದ ಹಾಗಾಯಿತು. 1862ರಲ್ಲಿ ರಾಜ್ಯ ಹಿಂದಿರುಗಿಸಲು ಮತ್ತೆ ನಿರಾಕರಣೆ ಬಂತು. ಅರಸರಿಗೆ ವಯಸ್ಸಾಗಿದೆ, ಔರಸ ಪುತ್ರನಿಲ್ಲ, ಅವರ ನಂತರ ರಾಜ್ಯ ತಾನಾಗಿಯೇ ಕೈಸೇರುತ್ತದೆ ಎಂದು ಅನೇಕ ಅಧಿಕಾರಿಗಳು ಲೆಕ್ಕ ಹಾಕಿದ್ದರು. ವ್ಯೂಹದಲ್ಲಿ ಉಳಿದಿದ್ದ ಒಂದೇ ಏಟು ಅಲ್ಲಿತ್ತು. 1865ರ ಜೂನ್‌ನಲ್ಲಿ, 70 ದಾಟಿದ ಅರಸರು ಎರಡು ವರ್ಷದ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಕಲ್ಕತ್ತೆಯ ಸರ್ಕಾರ ಅದನ್ನು ಮಾನ್ಯಮಾಡಲಿಲ್ಲ. ಅರಸರು ಬಿಡದೆ ಲಂಡನ್ನಿನವರೆಗೆ ವಿಷಯ ಒಯ್ದರು. 1867ರಲ್ಲಿ ಅಲ್ಲಿಂದ ಒಪ್ಪಿಗೆ ಬಂತು. 1868ರ ಮಾರ್ಚ್ 27ರಂದು ಅವರು ತೀರಿಕೊಂಡಾಗ ಮೈಸೂರಿಗೆ ವಾರಸುದಾರನಿದ್ದ.

ರಾಜ್ಯ ಹಿಂದಿರುಗಿದ್ದು 1881ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ. ಅವರ ಆಡಳಿತದ ತಪ್ಪುಗಳನ್ನು ನಾವು ಮರೆಮಾಚಬೇಕಿಲ್ಲ. ನಗರದ ರೈತರ ಸಂಕಟವೂ ನಮ್ಮ ಚರಿತ್ರೆಯೇ. ಆದರೆ ಆ ದತ್ತು ಸ್ವೀಕಾರವಿಲ್ಲದಿದ್ದರೆ ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯನವರು ದಿವಾನರಾಗಿ ಕಟ್ಟಿದ ಮೈಸೂರು ಸಂಸ್ಥಾನ ಉಳಿಯುತ್ತಿತ್ತೆಂದು ಹೇಳುವುದು ಕಷ್ಟ. ಆದ್ದರಿಂದ ಮಕ್ಕಳಿಗೆ ನಾವು ಎರಡನ್ನೂ ಹೇಳಿಕೊಡೋಣ. ಕಾಯುವವನ ಎದುರು ಕೂತಾಗ ಅವನು ಯಾವುದಕ್ಕಾಗಿ ಕಾಯುತ್ತಿದ್ದಾನೆಂದು ಮೊದಲು ತಿಳಿಯಬೇಕು. ನಾವೇ ಕಾಯಬೇಕಾಗಿ ಬಂದಾಗ ಆ ಒಂದು ನಡೆಯನ್ನು ಮರೆಯದೆ ಕಾಯಬೇಕು.