ಕಿಡಿಯಿಲ್ಲದೆ ಉರಿಯುವ ಯಂತ್ರದ ಜನಕ ರುಡಾಲ್ಫ್ ಡೀಸೆಲ್

ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಕೋಳಿ ಕೂಗುವ ಹೊತ್ತಿಗೇ ನಮ್ಮ ರೈತನ ದಿನ ಆರಂಭವಾಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರಗಳ ಕಡೆಯಿಂದ ತರಕಾರಿ ತುಂಬಿದ ಪಿಕಪ್ ಗಾಡಿಗಳು ಬೆಳಕು ಹರಿಯುವ ಮೊದಲೇ ಮೈಸೂರಿನ ಮಾರುಕಟ್ಟೆ ಸೇರಬೇಕು. ಕೃಷ್ಣರಾಜಪೇಟೆಯ ಕಬ್ಬಿನ ಗದ್ದೆಗಳಿಂದ ಟ್ರ್ಯಾಕ್ಟರು ಕಾರ್ಖಾನೆಯ ದಾರಿ ಹಿಡಿಯಬೇಕು. ನಾಗಮಂಗಲದ ಬೆದ್ದಲು ಹೊಲಗಳ ರಾಗಿ, ಹುರುಳಿ ಒಕ್ಕಣೆಗೆ ಯಂತ್ರ ಬರಬೇಕು. ಇಂಥ ಹೊತ್ತಿನಲ್ಲೇ ಎಂಜಿನ್ ಮೊಂಡು ಹಿಡಿಯುತ್ತದೆ. ಬಿಳಿ ಹೊಗೆ ಕಾರುತ್ತದೆ, ಬ್ಯಾಟರಿ ಇಳಿಯುವ ತನಕ ಸತಾಯಿಸುತ್ತದೆ. ಸ್ವಲ್ಪ ಬಿಸಿಯಾದ ಮೇಲೆ ಅದೇ ಎಂಜಿನ್ ದಿನವಿಡೀ ಎತ್ತಿನಂತೆ ದುಡಿಯುತ್ತದೆ.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಆ ಯಂತ್ರವನ್ನು ಕಂಡುಹಿಡಿದವನ ಬದುಕನ್ನೇ ತಿಳಿಯಬೇಕು. ಡೀಸೆಲ್ ಎಂಬುದು ಬಂಕಿನಲ್ಲಿ ಸಿಗುವ ಎಣ್ಣೆಯ ಹೆಸರೆಂದೇ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಅದು ಒಬ್ಬ ಮನುಷ್ಯನ ಹೆಸರು. ಆತ ಜರ್ಮನಿಯ ಎಂಜಿನಿಯರ್ ರುಡಾಲ್ಫ್ ಡೀಸೆಲ್. ಲೋಕಕ್ಕೆಲ್ಲ ಗಾಡಿ ಓಡಿಸುವ ಯಂತ್ರ ಕೊಟ್ಟ ಈತ ಕೊನೆಗೆ ಸಾಲದಲ್ಲಿ ಮುಳುಗಿ, ಸಮುದ್ರದ ಪಾಲಾದ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರುಡಾಲ್ಫ್ ಡೀಸೆಲ್ 1858ರ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ ಹುಟ್ಟಿದ. ತಂದೆ ತಾಯಿ ಜರ್ಮನಿಯ ಬವೇರಿಯ ಪ್ರಾಂತ್ಯದ ಮೂಲದವರು. ತಂದೆ ಥಿಯೊಡೋರ್ ಪುಸ್ತಕಕ್ಕೆ ರಟ್ಟು ಕಟ್ಟುವ, ಚರ್ಮದ ಸಾಮಾನು ಮಾಡುವ ಕಸುಬಿನವನು. 1870ರಲ್ಲಿ ಫ್ರಾನ್ಸಿಗೂ ಜರ್ಮನರಿಗೂ ಯುದ್ಧ ಹತ್ತಿತು. ಜರ್ಮನ್ ಕುಟುಂಬಗಳು ಪ್ಯಾರಿಸ್ ಬಿಡಬೇಕಾಯಿತು. ಡೀಸೆಲ್ ಕುಟುಂಬ ಲಂಡನ್ನಿಗೆ ಗುಳೆ ಹೋಯಿತು. ಅಲ್ಲಿಂದ 12 ವರ್ಷದ ಹುಡುಗ ರುಡಾಲ್ಫನನ್ನು ಜರ್ಮನಿಯ ಔಗ್ಸ್‌ಬರ್ಗ್ ಊರಿನಲ್ಲಿದ್ದ ನೆಂಟರ ಮನೆಗೆ ಕಳುಹಿಸಿದರು. ಆ ಮನೆಯ ಯಜಮಾನ ಗಣಿತದ ಮೇಷ್ಟರು. ಹುಡುಗನ ಓದಿಗೆ ಅಲ್ಲಿ ದಾರಿಯಾಯಿತು.

ಬುದ್ಧಿವಂತನಾದ ಈತನಿಗೆ ವಿದ್ಯಾರ್ಥಿ ವೇತನ ದೊರೆತು, 1875ರಲ್ಲಿ ಮ್ಯೂನಿಕ್ ನಗರದ ತಾಂತ್ರಿಕ ಕಾಲೇಜನ್ನು ಸೇರಿದ. ಶೀತಲ ಯಂತ್ರಗಳಿಗೆ ಹೆಸರಾದ ಕಾರ್ಲ್ ಫಾನ್ ಲಿಂಡೆ ಅಲ್ಲಿ ಆತನ ಗುರು. ಆಗಿನದು ಉಗಿಯಂತ್ರದ ಕಾಲ. ನೂರು ಮಣ ಕಲ್ಲಿದ್ದಲು ಸುಟ್ಟರೆ ಹತ್ತು ಮಣದ ಕೆಲಸವೂ ಕೈಗೆ ಬರುವುದಿಲ್ಲ, ಮಿಕ್ಕ ಶಾಖವೆಲ್ಲ ಗಾಳಿಪಾಲು ಎಂಬುದನ್ನು ಈತ ಆ ಗುರುವಿನ ಪಾಠದಲ್ಲಿ ಕಲಿತ. ಈ ನಷ್ಟವನ್ನು ತಪ್ಪಿಸುವ ಯಂತ್ರವೊಂದನ್ನು ಮಾಡಬೇಕೆಂಬ ಹುಳು ಅಂದೇ ಆತನ ತಲೆ ಹೊಕ್ಕಿತು. ವಿಷಮಶೀತ ಜ್ವರ ಬಂದು ಪರೀಕ್ಷೆ ತಪ್ಪಿದರೂ, 1880ರಲ್ಲಿ ಪರೀಕ್ಷೆಗೆ ಕುಳಿತು ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದ. ಆಮೇಲೆ ಪ್ಯಾರಿಸ್ಸಿನಲ್ಲಿ ಗುರುವಿನ ಮಂಜುಗಡ್ಡೆ ಕಾರ್ಖಾನೆಯ ಕೆಲಸಕ್ಕೆ ಸೇರಿದ. ಹಗಲು ತಣ್ಣಗೆ ಮಾಡುವ ಯಂತ್ರದ ಕೆಲಸ, ಬಿಡುವಿನ ವೇಳೆ ಬಿಸಿಯ ಯಂತ್ರದ ಯೋಚನೆ, ಹೀಗೆ ಹತ್ತು ವರ್ಷ ಕಳೆಯಿತು.

ಯಂತ್ರದ ಗುಟ್ಟು

ಡೀಸೆಲ್ಲನ ಯೋಚನೆ ತಿಳಿಯಲು ಸೈಕಲ್ ಪಂಪೊಂದು ಸಾಕು. ಜೋರಾಗಿ ಗಾಳಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿ, ಕೈಗೆ ಬಿಸಿ ತಾಗುತ್ತದೆ. ಗಾಳಿಯನ್ನು ಅದುಮಿದರೆ ಅದು ಕಾಯುತ್ತದೆ. ಸಿಲಿಂಡರಿನಲ್ಲಿ ಹಿಡಿದ ಗಾಳಿಯನ್ನು ಪಿಸ್ಟನ್ ಸುಮಾರು ಹದಿನಾರರಿಂದ ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮಿದರೆ ಅದರ ಬಿಸಿ 500 ಡಿಗ್ರಿ ಸೆಂಟಿಗ್ರೇಡನ್ನೂ ಮೀರುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಎಣ್ಣೆಯನ್ನು ಸಣ್ಣ ತುಂತುರಾಗಿ ಸಿಡಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿನಂತೆ ಕಿಡಿ ಹಾರಿಸುವ ಪ್ಲಗ್ಗು ಬೇಕಿಲ್ಲ, ಬೆಂಕಿಕಡ್ಡಿ ಬೇಕಿಲ್ಲ. ಅದುಮಿದ ಗಾಳಿಯ ಬಿಸಿಯೇ ಬೀಜ.

ಚಳಿಯಲ್ಲಿ ಎಂಜಿನ್ ಮೊಂಡು ಹಿಡಿಯುವ ಕಾರಣವೂ ಇದೇ. ರಾತ್ರಿಯಿಡೀ ತಣಿದ ಕಬ್ಬಿಣ ಆ ಗಾಳಿಯ ಬಿಸಿಯನ್ನು ಹೀರಿಬಿಡುತ್ತದೆ. ಆಯಿಲ್ ಗಟ್ಟಿಯಾಗಿ ಎಂಜಿನ್ ನಿಧಾನವಾಗಿ ಸುತ್ತುತ್ತದೆ. ತಣ್ಣಗಿರುವ ಬ್ಯಾಟರಿಯ ಕಸುವೂ ಕುಗ್ಗಿರುತ್ತದೆ. ಹೊತ್ತಿಕೊಳ್ಳದ ಎಣ್ಣೆಯೇ ಬಿಳಿ ಹೊಗೆಯಾಗಿ ಹೊರಬರುತ್ತದೆ.

ನೀರು ಬೇಡವೆಂದವನು ನೀರಿಗೆ ಬಂದದ್ದು

ಡೀಸೆಲ್ ತನ್ನ ಯೋಚನೆಗೆ 1892ರಲ್ಲಿ ಪೇಟೆಂಟ್ ಹಕ್ಕು ಕೋರಿದ, 1893ರಲ್ಲಿ ದೊರೆಯಿತು. ಔಗ್ಸ್‌ಬರ್ಗಿನ ಯಂತ್ರ ಕಾರ್ಖಾನೆ ಮತ್ತು ಕ್ರುಪ್ ಸಂಸ್ಥೆ ಬೆನ್ನಿಗೆ ನಿಂತವು. ಬಿಸಿಯನ್ನು ಪೋಲು ಮಾಡಬಾರದೆಂಬುದೇ ಆತನ ಹಟ. ಆದ್ದರಿಂದ ಮೊದಲ ಯಂತ್ರಕ್ಕೆ ತಣಿಸುವ ನೀರಿನ ವ್ಯವಸ್ಥೆಯನ್ನೇ ಇಡಲಿಲ್ಲ. ನೀರು ಹರಿಸಿದರೆ ದುಡಿಯಬೇಕಾದ ಶಾಖ ನೀರಿನೊಡನೆ ಹರಿದುಹೋಗುತ್ತದೆ ಎಂಬುದು ಲೆಕ್ಕ.

ಲೆಕ್ಕ ಕಾಗದದ ಮೇಲೆ ಸರಿಯಿತ್ತು, ಕಬ್ಬಿಣ ಒಪ್ಪಲಿಲ್ಲ. 1893ರ ಆಗಸ್ಟ್ 10ರ ಮೊದಲ ಪರೀಕ್ಷೆಯಲ್ಲಿ ಎಣ್ಣೆಯೇನೋ ಹೊತ್ತಿಕೊಂಡಿತು. ಆದರೆ ಒತ್ತಡ ಅಳೆಯಲು ಇಟ್ಟಿದ್ದ ಉಪಕರಣ ಸಿಡಿದು ಚೂರಾಯಿತು. ಹತ್ತಿರವಿದ್ದವರು ಕೂದಲೆಳೆಯಲ್ಲಿ ಪಾರಾದರು. 1894ರ ಫೆಬ್ರವರಿ 17ರಂದು ಯಂತ್ರ ಮೊದಲ ಬಾರಿ ತನ್ನಷ್ಟಕ್ಕೆ ತಾನೇ ಸುಮಾರು ಒಂದು ನಿಮಿಷ ಓಡಿತು. ಆ ಒಂದು ನಿಮಿಷದಿಂದ ದುಡಿಯುವ ಯಂತ್ರದವರೆಗೆ ಇನ್ನೂ ಮೂರು ವರ್ಷ ಬೇಕಾಯಿತು. ತಿದ್ದಿ ಕಟ್ಟಿದ ಯಂತ್ರಗಳಲ್ಲಿ ಸಿಲಿಂಡರಿನ ಸುತ್ತ ನೀರಿನ ಹೊದಿಕೆ ಬಂತು. ಬೇಡವೆಂದಿದ್ದ ನೀರನ್ನು ಆತ ಒಪ್ಪಿಕೊಂಡ.

1897ರ ಫೆಬ್ರವರಿಯಲ್ಲಿ ಮೋರಿಟ್ಸ್ ಶ್ರೋಟರ್ ಎಂಬ ಪ್ರಾಧ್ಯಾಪಕರು ಯಂತ್ರವನ್ನು ಪರೀಕ್ಷಿಸಿದರು. ಸುಮಾರು 20 ಅಶ್ವಶಕ್ತಿಯ ಆ ಯಂತ್ರ ಇಂಧನದ ಶಾಖದಲ್ಲಿ ನೂರಕ್ಕೆ 26.2 ಭಾಗವನ್ನು ದುಡಿಮೆಯಾಗಿ ಕೊಟ್ಟಿತು. ಅಂದಿಗೆ ಅದು ದೊಡ್ಡ ಗೆಲುವು. ಮಾರಾಟವಾದ ಮೊದಲ ಯಂತ್ರ ಹೋದದ್ದು ಕೆಂಪ್ಟನ್ ಊರಿನ ಬೆಂಕಿಕಡ್ಡಿ ಕಾರ್ಖಾನೆಗೆ. ಬೆಂಕಿಕಡ್ಡಿ ಬೇಡದ ಯಂತ್ರ ಬೆಂಕಿಕಡ್ಡಿ ಮಾಡುವವರ ಮನೆ ಸೇರಿತು!

ಕಡಲೆಕಾಯಿ ಎಣ್ಣೆಯ ಕಥೆ

1900ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿ ಈ ಯಂತ್ರಕ್ಕೆ ಅತ್ಯುನ್ನತ ಬಹುಮಾನ ಬಂತು. ಅಲ್ಲಿಯೇ ಆಟೋ ಎಂಬ ಕಂಪನಿ ಒಂದು ಸಣ್ಣ ಡೀಸೆಲ್ ಯಂತ್ರವನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿತು. ನೆಲದಿಂದ ತೆಗೆದ ಎಣ್ಣೆ ಇಲ್ಲದ ನಾಡುಗಳೂ ಹೊಲದಲ್ಲಿ ಬೆಳೆದ ಎಣ್ಣೆಯಿಂದ ಯಂತ್ರ ನಡೆಸಬಹುದೆಂಬ ನಂಬಿಕೆಯನ್ನು ಡೀಸೆಲ್ 1912ರಲ್ಲೂ ಬರೆದಿಟ್ಟ. ದೊಡ್ಡ ಕಾರ್ಖಾನೆಗಳೆದುರು ಸಣ್ಣ ಕಸುಬುದಾರ ಸೋಲಬಾರದು, ಅವನಿಗೂ ಸಣ್ಣ ಯಂತ್ರ ಸಿಗಬೇಕು ಎಂಬುದು ಆತನ ಆಸೆ. ಕೆಲಸಗಾರರು ಒಟ್ಟುಗೂಡಿ ತಮ್ಮದೇ ಸಹಕಾರಿ ಉದ್ಯಮ ನಡೆಸುವ ಬಗ್ಗೆ 1903ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅದನ್ನು ಕೊಂಡವರು ಮಾತ್ರ ಕೆಲವರೇ.

ಆ ನಂಬಿಕೆಗೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ. ಸುಮಾರು 2000ದ ಹೊತ್ತಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರ ತಂಡ ಮಂಡ್ಯ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರ್ ಓಡಿಸಿ, ನೀರೆತ್ತುವ ಪಂಪುಗಳಿಗೆ ವಿದ್ಯುತ್ ಒದಗಿಸಿತು. ಪಕ್ಕದ ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಇದೆ. ಆದರೆ ಒಂದು ಎಚ್ಚರಿಕೆ. ಹೊಂಗೆ ಎಣ್ಣೆ ಡೀಸೆಲ್ಲಿಗಿಂತ ಬಹಳ ಗಟ್ಟಿ, ತಣ್ಣಗಿದ್ದಾಗ ಇನ್ನೂ ಗಟ್ಟಿ. ಈಗಿನ ಪಿಕಪ್ ಗಾಡಿಗಳ ಸೂಕ್ಷ್ಮ ಇಂಜೆಕ್ಟರುಗಳಿಗೆ ಗಾಣದ ಎಣ್ಣೆಯನ್ನು ನೇರವಾಗಿ ಹಾಕಿದರೆ ಅವು ಕಟ್ಟಿಕೊಂಡು ಸಾವಿರಾರು ರೂಪಾಯಿ ಕೈಬಿಡುತ್ತದೆ.

ಕೊನೆಯ ದಿನಗಳು

ಕೀರ್ತಿಯೊಡನೆ ಹಣವೂ ಬಂತು. ಅಮೆರಿಕದ ಹಕ್ಕೊಂದಕ್ಕೇ ಹತ್ತು ಲಕ್ಷ ಮಾರ್ಕು ದೊರೆಯಿತು. ಆದರೆ ಆತುರದಲ್ಲಿ ಮಾರಿದ ಮೊದಲ ಯಂತ್ರಗಳು ಕೆಟ್ಟು ದೂರುಗಳು ಬಂದವು, ಪೇಟೆಂಟ್ ವ್ಯಾಜ್ಯಗಳು ಹತ್ತಿದವು, ದುಡಿತದಿಂದ ಆರೋಗ್ಯ ಮುರಿಯಿತು. ಮ್ಯೂನಿಕ್ಕಿನಲ್ಲಿ ಭಾರಿ ಮನೆ ಕಟ್ಟಿಸಿದ, ಜಮೀನಿನ ವ್ಯಾಪಾರದಲ್ಲಿ ಹಣ ತೊಡಗಿಸಿ ಕಳೆದುಕೊಂಡ. ಶಾಖದ ಒಂದು ಪಾಲೂ ಪೋಲಾಗಬಾರದೆಂದು ಲೆಕ್ಕ ಹಾಕಿದವನು ಮನೆಯ ಲೆಕ್ಕದಲ್ಲಿ ಸೋತ.

1913ರ ಸೆಪ್ಟೆಂಬರ್ 29ರ ಸಂಜೆ ಆತ ಬೆಲ್ಜಿಯಮ್ಮಿನ ಆಂಟ್ವರ್ಪ್ ಬಂದರಿನಲ್ಲಿ ಡ್ರೆಸ್ಡೆನ್ ಎಂಬ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟ. ರಾತ್ರಿ ಊಟ ಮುಗಿಸಿ, ಬೆಳಿಗ್ಗೆ ಆರೂಕಾಲಿಗೆ ಎಬ್ಬಿಸಲು ಹೇಳಿ ಕೋಣೆಗೆ ಹೋದವನು ಬೆಳಿಗ್ಗೆ ಕಾಣಲಿಲ್ಲ. ಸುಮಾರು ಹತ್ತು ದಿನದ ಮೇಲೆ ಡಚ್ ದೋಣಿಯವರಿಗೆ ಸಮುದ್ರದಲ್ಲಿ ಒಂದು ಶವ ಸಿಕ್ಕಿತು. ಜೇಬಿನಲ್ಲಿದ್ದ ಸಣ್ಣಪುಟ್ಟ ವಸ್ತುಗಳನ್ನು ನೋಡಿ ಮಗ ತಂದೆಯದೆಂದು ಗುರುತಿಸಿದ. ಆತ್ಮಹತ್ಯೆಯೆಂದು ಬಹಳ ಮಂದಿ ನಂಬಿದ್ದಾರೆ, ಕೊಲೆಯೆಂಬ ಮಾತೂ ಇದೆ. ಅವನ ಯಂತ್ರ ಲಾರಿಗೆ ಏರಿದ್ದು 1920ರ ದಶಕದಲ್ಲಿ. ಅದನ್ನು ನೋಡಲು ಅವನಿರಲಿಲ್ಲ.

ನೀರನ್ನು ಮೊದಲೇ ಕಾಯಿಸುವ ಹೀಟರು

ಡೀಸೆಲ್ ಒಪ್ಪಿಕೊಂಡ ಆ ನೀರೇ ಇಂದು ಕೂಲಂಟ್ ಎಂಬ ಹೆಸರಿನಲ್ಲಿ ನಮ್ಮ ಪಿಕಪ್ ಗಾಡಿಯ ಎಂಜಿನ್ ಸುತ್ತ ಹರಿಯುತ್ತಿದೆ. ಎಂಜಿನ್ ಹದವಾಗಿ ಓಡುವಾಗ ಅದರ ಬಿಸಿ 80ರಿಂದ 90 ಡಿಗ್ರಿ. ಹಿಮ ಬೀಳುವ ನಾಡುಗಳಲ್ಲಿ ಗಾಡಿ ಚಾಲೂ ಮಾಡುವ ಮುಂಚೆಯೇ ಈ ನೀರನ್ನು ಬಿಸಿ ಮಾಡುವ ಸಾಧನವನ್ನು ಜೋಡಿಸುತ್ತಾರೆ. ಇದರಲ್ಲಿ ಎರಡು ಬಗೆ. ಒಂದು, ಮನೆಯ ಕರೆಂಟಿನಿಂದ ಕಾಯುವ ಕಡ್ಡಿ. ಸ್ನಾನದ ನೀರಿಗೆ ಹೀಟರ್ ಇಳಿಬಿಟ್ಟಂತೆ. ಇನ್ನೊಂದು, ಗಾಡಿಯ ಟ್ಯಾಂಕಿನಿಂದಲೇ ತುಸು ಡೀಸೆಲ್ ಎಳೆದು ಪುಟ್ಟ ಒಲೆಯಲ್ಲಿ ಉರಿಸಿ, ಸಣ್ಣ ಪಂಪಿನಿಂದ ಬಿಸಿನೀರನ್ನು ಎಂಜಿನ್ ಸುತ್ತ ಹರಿಸುವುದು. ಎಂಜಿನ್ ಬೆಚ್ಚಗಾದರೆ ಒಂದೇ ಸುತ್ತಿಗೆ ಹೊತ್ತಿಕೊಳ್ಳುತ್ತದೆ, ಸವೆತ ಕಡಿಮೆ.

ಡೀಸೆಲ್ ಉರಿಸುವ ಹೀಟರನ್ನು ಜೋಡಿಸುವುದು ಅನುಭವಿ ಮೆಕ್ಯಾನಿಕ್ಕಿನ ಕೆಲಸ. ಹೀಟರಿನ ಪಂಪು ಕೂಲಂಟ್ ಮಟ್ಟಕ್ಕಿಂತ ಕೆಳಗಿರಬೇಕು. ಕೊಳವೆಗಳನ್ನು ಜೋಡಿಸಿದ ಮೇಲೆ ಒಳಗಿನ ಗಾಳಿಯನ್ನು ಪೂರ್ತಿ ಹೊರಬಿಡಬೇಕು. ಗಾಳಿ ಸಿಕ್ಕಿಕೊಂಡರೆ ನೀರು ಹರಿಯದೆ ಹೀಟರ್ ಕೆಡುತ್ತದೆ. ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು. ಹೊಗೆ ಕೊಳವೆ ಚಾಲಕನ ಕೋಣೆಯಿಂದ ದೂರ, ಹೊರಗೆ ತೆರೆಯಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಇದನ್ನಾಗಲಿ, ಎಂಜಿನ್ನನ್ನಾಗಲಿ ಓಡಿಸಬಾರದು. ಅದರ ಹೊಗೆಯಲ್ಲಿರುವ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಮಲಗಿದವರು ಏಳುವುದಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಇದು ಬೇಕೆ?

ಬೇಡ. ನಮ್ಮ ಚಳಿಗಾಲದ ಬೆಳಗು ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸಿನದು. ಲಡಾಖಿನ ಮಂಜಿನಲ್ಲಿ ಗಾಡಿ ಓಡಿಸುವವರಿಗೂ, ಕರೆಂಟು ಹೋದ ಕ್ಷಣವೇ ಪೂರ್ತಿ ಭಾರ ಹೊರಬೇಕಾದ ಆಸ್ಪತ್ರೆಯ ಜನರೇಟರಿಗೂ ಹೀಟರ್ ಬೇಕು. ನಮಗೆ ಆ ಹಣವನ್ನು ಉಳಿಸಿ, ಗಾಡಿಯಲ್ಲಿ ಈಗಾಗಲೇ ಇರುವುದನ್ನು ಸರಿಯಾಗಿಟ್ಟುಕೊಂಡರೆ ಸಾಕು. ಇಲ್ಲಿನ ಚಳಿಗೂ ಎಂಜಿನ್ ಏಳುವುದಿಲ್ಲವೆಂದರೆ ಅದು ರೋಗದ ಲಕ್ಷಣ. ಹೀಟರ್ ಅದನ್ನು ಮುಚ್ಚಿಡುತ್ತದೆಯೇ ಹೊರತು ವಾಸಿಮಾಡುವುದಿಲ್ಲ.

ಮೊದಲು ಬ್ಯಾಟರಿಯ ತುದಿಗಳನ್ನು ಉಜ್ಜಿ ಬಿಗಿ ಮಾಡಿ. ಗಾಡಿಯಲ್ಲಿ ಹೀಟರ್ ಪ್ಲಗ್ಗು ಇದ್ದರೆ ಅದರ ದೀಪ ಆರುವ ತನಕ ಕಾದು ಆಮೇಲೆ ಚಾಲೂ ಮಾಡಿ. ಡೀಸೆಲ್ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿ, ಕೆಳಗೆ ಕೂತ ನೀರನ್ನು ಬಿಡಿ. ಕಂಪನಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿ. ಬರಿ ಬೋರ್‌ವೆಲ್ ನೀರಿನ ಬದಲು ಕೂಲಂಟ್ ಬೆರೆಸಿ. ಇಲ್ಲವಾದರೆ ಸುಣ್ಣ ಕಟ್ಟಿ ತುಕ್ಕು ಹಿಡಿಯುತ್ತದೆ. ಇಷ್ಟಾದರೂ ಏಳದಿದ್ದರೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಪಿಸ್ಟನ್ ರಿಂಗು, ವಾಲ್ವು ಸವೆದಿದ್ದರೆ ಗಾಳಿ ಸೋರಿ ಬಿಸಿ ಏರುವುದೇ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಥರ್ಮೋಸ್ಟಾಟ್. ಎಂಜಿನ್ ಕಾಯುತ್ತದೆಂದು ಅದನ್ನು ಕಿತ್ತೆಸೆಯುವ ರೂಢಿ ನಮ್ಮಲ್ಲಿ ಇದೆ. ಇದು ದೊಡ್ಡ ತಪ್ಪು. ನೀರು ಹದಕ್ಕೆ ಬರುವ ತನಕ ರೇಡಿಯೇಟರಿಗೆ ಹೋಗದಂತೆ ತಡೆಯುವ ತೂಬು ಅದು. ಅದಿಲ್ಲದಿದ್ದರೆ ಎಂಜಿನ್ ಹದ ಬಿಸಿಗೆ ಬರಲು ತಡವಾಗಿ, ಡೀಸೆಲ್ ಹೆಚ್ಚು ಕುಡಿದು, ಬೇಗ ಸವೆಯುತ್ತದೆ. ಚಾಲೂ ಆದ ಮೇಲೆ ಒಂದೆರಡು ನಿಮಿಷ ಬಿಟ್ಟು, ಮೊದಲ ಒಂದೆರಡು ಮೈಲಿ ನಿಧಾನವಾಗಿ ಹೋಗಿ. ಕಾಲು ಗಂಟೆ ನಿಂತಲ್ಲೇ ಗುಡುಗುಡಿಸುವುದರಿಂದ ಡೀಸೆಲ್ ನಷ್ಟವೇ ಹೊರತು ಲಾಭವಿಲ್ಲ.

ಬಿಸಿಯನ್ನು ಪೋಲು ಮಾಡದಿರಲು ರುಡಾಲ್ಫ್ ಡೀಸೆಲ್ ತನ್ನ ಆಯುಷ್ಯವನ್ನೇ ಸವೆಸಿದ. ನೀರು ಬೇಕೆಂಬುದನ್ನೂ, ಅದು ಹದವಾಗಿರಬೇಕೆಂಬುದನ್ನೂ ಆತ ಹಾಗೂ ಆತನ ನಂತರದವರು ಕಷ್ಟಪಟ್ಟು ಕಲಿತರು. ನಮಗೆ ಅದು ಸಣ್ಣ ಫಿಲ್ಟರಿನಲ್ಲಿ, ಅಂಗೈಯಗಲದ ಥರ್ಮೋಸ್ಟಾಟಿನಲ್ಲಿ ಸಿದ್ಧವಾಗಿ ಸಿಕ್ಕಿದೆ. ಕಬ್ಬು ಕಡಿಯುವ ಕಾಲ ಬರುವ ಮುನ್ನ, ಒಂದು ದಿನ ಬಿಡುವು ಮಾಡಿಕೊಂಡು ಇವನ್ನು ನೋಡಿಸಿಕೊಳ್ಳಿ.