ಕೆ. ಎಸ್. ನಾಗರತ್ನಮ್ಮ

ಕೆ. ಎಸ್. ನಾಗರತ್ನಮ್ಮ (1923 – 1993) ಕರ್ನಾಟಕದ ರಾಜಕಾರಣಿ. ಇವರು ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರು ಮತ್ತು ಮೊದಲ ಮಹಿಳಾ ವಿರೋಧ ಪಕ್ಷದ ನಾಯಕರು. ಗುಂಡ್ಲುಪೇಟೆ ಕ್ಷೇತ್ರದಿಂದ ಏಳು ಬಾರಿ ವಿಧಾನಸಭೆಗೆ ಆಯ್ಕೆಯಾಗಿದ್ದರು. ಇವರ ನಂತರ ಸಭಾಧ್ಯಕ್ಷರ ಪೀಠಕ್ಕೆ ಮತ್ತೊಬ್ಬ ಮಹಿಳೆ ಆಯ್ಕೆಯಾಗಿಲ್ಲ.

ಗುಂಡ್ಲುಪೇಟೆ ಮತ್ತು ಮೊದಲ ಗೆಲುವು

ಗುಂಡ್ಲುಪೇಟೆ ತಾಲ್ಲೂಕು ರಾಜ್ಯದ ದಕ್ಷಿಣದ ಅಂಚಿನಲ್ಲಿ, ಬಂಡೀಪುರ ಕಾಡಿನ ಮಗ್ಗುಲಲ್ಲಿದೆ. ಊಟಿಯ ಕಡೆಗೂ ಕೇರಳದ ಕಡೆಗೂ ಹೋಗುವ ರಸ್ತೆಗಳು ಇಲ್ಲಿಂದಲೇ ಕವಲೊಡೆಯುತ್ತವೆ. ಇಂದು ಚಾಮರಾಜನಗರ ಜಿಲ್ಲೆಗೆ ಸೇರಿರುವ ಈ ತಾಲ್ಲೂಕು ನಾಗರತ್ನಮ್ಮನವರ ಕಾಲದಲ್ಲಿ ಮೈಸೂರು ಜಿಲ್ಲೆಯ ಭಾಗವಾಗಿತ್ತು. ಮಳೆಯನ್ನೇ ನೆಚ್ಚಿಕೊಂಡ ಬೇಸಾಯದ ಈ ಸೀಮೆಯ ರಾಜಕಾರಣದಲ್ಲಿ ಅವರ ಹೆಸರು ಮೂರೂವರೆ ದಶಕ ಉಳಿಯಿತು.

ಭಾಷಾವಾರು ಪ್ರಾಂತ್ಯ ರಚನೆಯ ನಂತರ, 1957ರಲ್ಲಿ, ವಿಶಾಲ ಮೈಸೂರು ರಾಜ್ಯಕ್ಕೆ ಮೊದಲ ವಿಧಾನಸಭಾ ಚುನಾವಣೆ ನಡೆಯಿತು. 208 ಸ್ಥಾನಗಳಲ್ಲಿ 150 ಕಾಂಗ್ರೆಸ್ಸಿನ ಪಾಲಾದವು. ನಾಗರತ್ನಮ್ಮ ಈ ಚುನಾವಣೆಯಲ್ಲಿ ಯಾವ ಪಕ್ಷದ ಆಸರೆಯೂ ಇಲ್ಲದೆ ಪಕ್ಷೇತರರಾಗಿ ನಿಂತು ಗೆದ್ದರು. ಮುಂದೆ ಅವರಿಗೆ ದೊರೆತ ಹುದ್ದೆಗಳಿಗಾಗಿಯೇ ಅವರನ್ನು ನೆನೆಯುವುದು ರೂಢಿಯಾದರೂ, ಗ್ರಾಮೀಣ ಕ್ಷೇತ್ರವೊಂದರಲ್ಲಿ ಮಹಿಳೆಯೊಬ್ಬರು ಪಡೆದ ಈ ಗೆಲುವು ಅವುಗಳಿಗಿಂತ ಕಡಿಮೆಯದಲ್ಲ. 1962, 1967 ಮತ್ತು 1972ರಲ್ಲಿಯೂ ಅದೇ ಕ್ಷೇತ್ರ ಅವರನ್ನು ಆರಿಸಿ ಕಳುಹಿಸಿತು.

ಸಭಾಧ್ಯಕ್ಷರಾಗಿ

1972ರ ಚುನಾವಣೆಯಲ್ಲಿ 216 ಸ್ಥಾನಗಳ ಪೈಕಿ 165ನ್ನು ಗೆದ್ದು ಕಾಂಗ್ರೆಸ್ ಅಧಿಕಾರಕ್ಕೆ ಬಂದಿತು. ಡಿ. ದೇವರಾಜ ಅರಸು ಮುಖ್ಯಮಂತ್ರಿಯಾದರು. ಆ ವರ್ಷದ ಮಾರ್ಚ್‌ನಲ್ಲಿ ನಾಗರತ್ನಮ್ಮ ಸಭಾಧ್ಯಕ್ಷರಾಗಿ ಆಯ್ಕೆಯಾದರು. ದೇಶದಲ್ಲಿ ಮಹಿಳೆಯೊಬ್ಬರು ವಿಧಾನಸಭೆಯ ಅಧ್ಯಕ್ಷ ಪೀಠದಲ್ಲಿ ಕುಳಿತ ನಿದರ್ಶನಗಳು ಆಗ ಬಹಳ ವಿರಳ. ಹರಿಯಾಣದಲ್ಲಿ ಶನ್ನೋ ದೇವಿ ಆ ಸ್ಥಾನಕ್ಕೆ ಬಂದದ್ದು ಕೆಲವೇ ವರ್ಷಗಳ ಹಿಂದೆ, 1966ರಲ್ಲಿ.

ಅವರು ಪೀಠವನ್ನೇರಿದ ಕೆಲವೇ ತಿಂಗಳಲ್ಲಿ, 1972ರ ಜುಲೈನಲ್ಲಿ, ರಾಜ್ಯದ ಹೆಸರನ್ನು ಕರ್ನಾಟಕ ಎಂದು ಬದಲಿಸುವ ನಿರ್ಣಯವನ್ನು ವಿಧಾನಸಭೆ ಅಂಗೀಕರಿಸಿತು. ಬೆಳಗಾವಿ, ಧಾರವಾಡ, ವಿಜಾಪುರದಂತಹ ಹಿಂದಿನ ಮುಂಬಯಿ ಪ್ರಾಂತ್ಯದ ಜಿಲ್ಲೆಗಳಿಗೆ ಇದು ಏಕೀಕರಣದ ದಿನಗಳಿಂದ ಬಾಕಿ ಉಳಿದಿದ್ದ ಬೇಡಿಕೆ. ಹಳೆಯ ಮೈಸೂರು ಭಾಗದ ಕೆಲವರಿಗೆ ಮಾತ್ರ ಮೈಸೂರು ಎಂಬ ಹೆಸರನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ನಿರ್ಣಯ ಬಂದಾಗ ಸಭಾಧ್ಯಕ್ಷರ ಪೀಠದಲ್ಲಿದ್ದವರು ಮೈಸೂರು ಜಿಲ್ಲೆಯ ಪ್ರತಿನಿಧಿಯೇ ಎಂಬುದು ಗಮನಾರ್ಹ. 1973ರ ನವೆಂಬರ್ 1ರಂದು ಹೊಸ ಹೆಸರು ಜಾರಿಗೆ ಬಂದಿತು. ಹೀಗೆ ಮೈಸೂರು ವಿಧಾನಸಭೆಯ ಅಧ್ಯಕ್ಷರಾಗಿ ಆಯ್ಕೆಯಾದ ನಾಗರತ್ನಮ್ಮ, ಪೀಠದಿಂದ ಇಳಿಯದೆಯೇ ಕರ್ನಾಟಕ ವಿಧಾನಸಭೆಯ ಅಧ್ಯಕ್ಷರಾದರು.

1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣಾ ತಿದ್ದುಪಡಿ ಕಾಯಿದೆಯೂ ಇದೇ ಸಭೆಯಲ್ಲಿ ರೂಪುಗೊಂಡಿತು. ಗೇಣಿ ಪದ್ಧತಿಯನ್ನು ರದ್ದುಪಡಿಸಿ, ತಾಲ್ಲೂಕು ಮಟ್ಟದ ಭೂ ನ್ಯಾಯಮಂಡಳಿಗಳ ಮೂಲಕ ಉಳುವವರಿಗೆ ಹಕ್ಕು ನೀಡಿದ ಈ ಕಾಯಿದೆಯಿಂದ ಜಮೀನು ಕಳೆದುಕೊಳ್ಳಬೇಕಾದವರಲ್ಲಿ ಪ್ರಭಾವಿಗಳೂ ಇದ್ದರು. ಸಭಾಧ್ಯಕ್ಷರು ಚರ್ಚೆಯಲ್ಲಿ ಪಕ್ಷ ವಹಿಸುವಂತಿಲ್ಲ. ಸಮಮತ ಬಂದಾಗಲ್ಲದೆ ಮತ ಹಾಕುವಂತೆಯೂ ಇಲ್ಲ. ಆದುದರಿಂದ ರಾಜ್ಯದ ಅತಿ ಮಹತ್ವದ ಶಾಸನಗಳ ಕಾಲದಲ್ಲಿ ನಾಗರತ್ನಮ್ಮನವರ ಪಾತ್ರ ಭಾಷಣಗಳಲ್ಲಿ ಅಲ್ಲ, ಸದನವನ್ನು ನಡೆಸಿದ ರೀತಿಯಲ್ಲಿ ಮಾತ್ರ ಕಾಣುವಂಥದು.

1975ರಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ರಾಜ್ಯದ ಹಲವು ವಿರೋಧ ಪಕ್ಷದ ಮುಖಂಡರು ಸೆರೆಮನೆ ಸೇರಿದರು. ವಿಧಾನಸಭೆಯ ಅವಧಿ ಐದು ವರ್ಷಗಳನ್ನು ದಾಟಿ ಮುಂದುವರಿಯಿತು. 1977ರ ಡಿಸೆಂಬರ್ 31ರಂದು ಅರಸು ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಡಳಿತ ಹೇರಲಾಯಿತು. ಸಭೆ ವಿಸರ್ಜನೆಯಾದರೂ ಹೊಸ ಸಭೆ ಸೇರುವ ತನಕ ಸಭಾಧ್ಯಕ್ಷರ ಹುದ್ದೆ ತೆರವಾಗುವುದಿಲ್ಲವೆಂಬುದು ಸಂವಿಧಾನದ ನಿಯಮ. ಮಂತ್ರಿಮಂಡಲವೂ ಶಾಸಕರೂ ಇಲ್ಲದ ಆ ವಾರಗಳಲ್ಲಿ ಅವರು ಹುದ್ದೆಯಲ್ಲಿಯೇ ಇದ್ದು, 1978ರ ಮಾರ್ಚ್‌ನಲ್ಲಿ ಸ್ಥಾನ ತೊರೆದರು.

ವಿರೋಧ ಪಕ್ಷದ ಸಾಲಿನಲ್ಲಿ

1978ರಲ್ಲಿ ಗುಂಡ್ಲುಪೇಟೆ ಅವರ ಕೈತಪ್ಪಿತು. 1983ರಲ್ಲಿ ಅವರು ಮತ್ತೆ ಗೆದ್ದರಾದರೂ, ಆ ಚುನಾವಣೆಯಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿತು. 1985ರಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದ ಜನತಾ ಪಕ್ಷ 139 ಸ್ಥಾನಗಳೊಂದಿಗೆ ಮರಳಿದಾಗ, ಕುಗ್ಗಿಹೋಗಿದ್ದ ಕಾಂಗ್ರೆಸ್ ಶಾಸಕಾಂಗ ಪಕ್ಷಕ್ಕೆ ನಾಗರತ್ನಮ್ಮ ನಾಯಕರಾದರು. ಹಿಂದೆ ಎಲ್ಲ ಪಕ್ಷಗಳ ಮಾತನ್ನೂ ಸಮನಾಗಿ ಆಲಿಸಬೇಕಾಗಿದ್ದವರು ಈಗ ಒಂದು ಪಕ್ಷದ ದನಿಯಾಗಬೇಕಾಯಿತು. ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ಕುರಿತ ಹೈಕೋರ್ಟ್ ತೀರ್ಪಿನ ನಂತರ ಹೆಗಡೆ ರಾಜೀನಾಮೆ ನೀಡಿ, ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆದ 1986ರ ಪ್ರಸಂಗ ಈ ಅವಧಿಯದು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ನಡೆದ ಚುನಾವಣೆಯಲ್ಲಿ ಶೇಕಡಾ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಸ್ವತಃ ನಾಗರತ್ನಮ್ಮ ಮೂವತ್ತು ವರ್ಷಗಳ ಹಿಂದೆ ರಾಜಕೀಯಕ್ಕೆ ಬಂದಾಗ ಅಂತಹ ಯಾವ ಮೀಸಲಾತಿಯೂ ಇರಲಿಲ್ಲ. ಅವರು 1987ರವರೆಗೆ ವಿರೋಧ ಪಕ್ಷದ ನಾಯಕರಾಗಿದ್ದರು.

ಕೊನೆಯ ವರ್ಷಗಳು

1989ರಲ್ಲಿ ಕಾಂಗ್ರೆಸ್ 178 ಸ್ಥಾನಗಳನ್ನು ಗೆದ್ದು ಅಧಿಕಾರಕ್ಕೆ ಮರಳಿತು. ಏಳನೆಯ ಬಾರಿಗೆ ಆಯ್ಕೆಯಾದ ನಾಗರತ್ನಮ್ಮ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಾದರು. ಸಭಾಧ್ಯಕ್ಷ ಪೀಠ, ವಿರೋಧ ಪಕ್ಷದ ನಾಯಕತ್ವ, ಮಂತ್ರಿ ಪದವಿ ಈ ಮೂರನ್ನೂ ನಿರ್ವಹಿಸಿದವರು ರಾಜ್ಯದಲ್ಲಿ ಹೆಚ್ಚಿಲ್ಲ. 1993ರ ಅಕ್ಟೋಬರ್‌ನಲ್ಲಿ ಅವರು ನಿಧನರಾದರು.

1994ರ ಚುನಾವಣೆಯಲ್ಲಿ, ಹಿಂದೆ ಅವರ ಎದುರು ಸೋತಿದ್ದ ಎಚ್. ಎಸ್. ಮಹದೇವ ಪ್ರಸಾದ್ ಗುಂಡ್ಲುಪೇಟೆಯಲ್ಲಿ ಗೆದ್ದರು. ಆ ಕ್ಷೇತ್ರ ಮತ್ತೊಬ್ಬ ಮಹಿಳೆಯನ್ನು ವಿಧಾನಸಭೆಗೆ ಕಳುಹಿಸಿದ್ದು 2017ರ ಉಪಚುನಾವಣೆಯಲ್ಲಿ. ಮಹದೇವ ಪ್ರಸಾದ್ ಅವರ ನಿಧನದಿಂದ ತೆರವಾದ ಸ್ಥಾನಕ್ಕೆ ಅವರ ಪತ್ನಿ ಗೀತಾ ಮಹದೇವ ಪ್ರಸಾದ್ ಆಯ್ಕೆಯಾದರು.