ಬೆಳ್ಳಾವೆ ವೆಂಕಟನಾರಣಪ್ಪ

ಬೆಳ್ಳಾವೆ ವೆಂಕಟನಾರಣಪ್ಪ (೧೮೭೨–೧೯೪೩) ಕನ್ನಡ ವಿಜ್ಞಾನ ಸಾಹಿತ್ಯಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರು. ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಇವರು ಪತ್ರಿಕಾ ಸಂಪಾದಕರೂ ಹಳಗನ್ನಡ ಗ್ರಂಥ ಸಂಪಾದಕರೂ ಆಗಿದ್ದರು.

ಜನನ ಮತ್ತು ವೃತ್ತಿ

ವೆಂಕಟನಾರಣಪ್ಪನವರು ಜನಿಸಿದ್ದು ತುಮಕೂರು ತಾಲ್ಲೂಕಿನ ಬೆಳ್ಳಾವೆಯಲ್ಲಿ. ಊರಿನ ಹೆಸರೇ ಇವರ ಹೆಸರಿನ ಮೊದಲ ಭಾಗವಾಗಿ ನಾಡಿನಲ್ಲೆಲ್ಲ ಪರಿಚಿತವಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸಿದರು. ಆ ಕಾಲದ ಕಾಲೇಜುಗಳಲ್ಲಿ ವಿಜ್ಞಾನವೆಂದರೆ ಇಂಗ್ಲಿಷೇ ಆಗಿತ್ತು. ಇಂಗ್ಲಿಷ್ ಬಾರದ ರೈತನಿಗೂ ಗೃಹಿಣಿಗೂ ಈ ತಿಳಿವಳಿಕೆ ಮುಟ್ಟುವ ಬಗೆ ಹೇಗೆ ಎಂಬುದೇ ಇವರ ಜೀವಮಾನದ ಪ್ರಶ್ನೆಯಾಯಿತು.

ವಿಜ್ಞಾನ ಪತ್ರಿಕೆ

ಕರ್ನಾಟಕ ವಿಜ್ಞಾನ ಪ್ರಚಾರಿಣಿ ಸಮಿತಿಯ ಆಶ್ರಯದಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ ೧೯೧೮ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಕನ್ನಡದಲ್ಲಿ ವಿಜ್ಞಾನಕ್ಕಾಗಿಯೇ ಮೀಸಲಾದ ಮೊದಲ ಪತ್ರಿಕೆಯೆಂದು ಇದನ್ನು ಪರಿಗಣಿಸಲಾಗಿದೆ. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಆದರೆ ಆಧುನಿಕ ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೆಂಬುದಕ್ಕೆ ಅದರ ಸಂಚಿಕೆಗಳು ಸಾಕ್ಷಿಯಾಗಿ ಉಳಿದವು.

ಜೀವವಿಜ್ಞಾನ ಗ್ರಂಥ

ಭೌತವಿಜ್ಞಾನದ ಅಧ್ಯಾಪಕರಾಗಿದ್ದರೂ ಅರವತ್ತು ದಾಟಿದ ಮೇಲೆ ಇವರು ‘ಜೀವವಿಜ್ಞಾನ’ ಎಂಬ ಗ್ರಂಥವನ್ನು ರಚಿಸಿದರು. ಇದು ೧೯೩೯ರಲ್ಲಿ ಪ್ರಕಟವಾಯಿತು. ಜೀವಿಗಳ ಪರಸ್ಪರ ಸಂಬಂಧವನ್ನು ಅಭ್ಯಸಿಸುವ ಶಾಸ್ತ್ರವು ಆಗಿನ್ನೂ ರೂಪುಗೊಳ್ಳುತ್ತಿತ್ತು. ಜರ್ಮನಿಯ ಅರ್ನ್ಸ್ಟ್ ಹೆಕಲ್ ಅದಕ್ಕೆ ಇಕಾಲಜಿ ಎಂದು ಹೆಸರಿಟ್ಟದ್ದು ೧೮೬೬ರಲ್ಲಿ; ಇಂಗ್ಲೆಂಡಿನ ಆರ್ಥರ್ ಟ್ಯಾನ್ಸ್ಲಿ ಇಕೋಸಿಸ್ಟಮ್ ಎಂಬ ಪದವನ್ನು ಬಳಕೆಗೆ ತಂದದ್ದು ೧೯೩೫ರಲ್ಲಿ, ಅಂದರೆ ಈ ಗ್ರಂಥಕ್ಕೆ ಕೇವಲ ನಾಲ್ಕು ವರ್ಷ ಮೊದಲು.

ಪಾರಿಭಾಷಿಕ ಪದಗಳು

ಕನ್ನಡದಲ್ಲಿ ವಿಜ್ಞಾನ ಬರೆಯುವವರಿಗೆ ಮೊದಲು ಎದುರಾಗುವುದು ಪಾರಿಭಾಷಿಕ ಪದಗಳ ಸಮಸ್ಯೆ. ಇಂಗ್ಲಿಷ್ ಪದವನ್ನು ಹಾಗೆಯೇ ಉಳಿಸಿಕೊಳ್ಳುವುದು, ಸಂಸ್ಕೃತ ಧಾತುಗಳಿಂದ ಹೊಸ ಪದವನ್ನು ಕಟ್ಟುವುದು, ಜನರ ಬಾಯಲ್ಲಿರುವ ಪದವನ್ನೇ ಶಾಸ್ತ್ರಕ್ಕೆ ಒಗ್ಗಿಸುವುದು ಎಂಬ ಮೂರು ದಾರಿಗಳಿವೆ. ಇಂದು ಶಾಲೆಯ ಮಕ್ಕಳು ಸಲೀಸಾಗಿ ಬಳಸುವ ಉತ್ಪಾದಕ, ಭಕ್ಷಕ, ವಿಘಟಕ, ಆಹಾರ ಸರಪಳಿ, ಸಹಜೀವನ, ಪರಾವಲಂಬಿ ಮುಂತಾದ ಪದಗಳು ಹಲವರ ದುಡಿಮೆಯಿಂದ ನೆಲೆಗೊಂಡವು. ಕುಣಿಗಲ್ ಕೆರೆಯಂಥ ಜಲಾಶಯದಲ್ಲಿ ಪಾಚಿ ಉತ್ಪಾದಕ. ಅದನ್ನು ತಿನ್ನುವ ಸಣ್ಣ ಜಲಜೀವಿ, ಅದನ್ನು ತಿನ್ನುವ ಮೀನು, ಮೀನನ್ನು ಹಿಡಿಯುವ ಕೊಕ್ಕರೆ ಎಲ್ಲವೂ ಭಕ್ಷಕಗಳು. ಸತ್ತುದನ್ನು ಕೊಳೆಸಿ ಮಣ್ಣಿಗೆ ಮರಳಿಸುವ ಸೂಕ್ಷ್ಮಜೀವಿಗಳು ವಿಘಟಕಗಳು. ಗುಬ್ಬಿ ಸೀಮೆಯ ಹೊಲದ ಅವರೆ ಗಿಡಕ್ಕೂ ಅದರ ಬೇರುಗಂಟಿನ ಬ್ಯಾಕ್ಟೀರಿಯಾಕ್ಕೂ ಇರುವುದು ಸಹಜೀವನ. ಮಾವಿನ ಕೊಂಬೆಯ ಮೇಲೆ ಬೆಳೆಯುವ ಬದನಿಕೆ ಅರೆ ಪರಾವಲಂಬಿ. ನೀರು ಮತ್ತು ಲವಣಗಳನ್ನು ಮರದಿಂದ ಹೀರಿದರೂ ಹಸಿರೆಲೆಗಳಿಂದ ತಾನೂ ಆಹಾರ ತಯಾರಿಸಿಕೊಳ್ಳುತ್ತದೆ. ರೈತನಿಗೆ ಇವುಗಳ ಅನುಭವ ಮೊದಲೇ ಇತ್ತು. ಶಾಸ್ತ್ರದ ಹೆಸರು ಆ ಅನುಭವವನ್ನು ಚರ್ಚೆಗೂ ಪಾಠಕ್ಕೂ ಒದಗುವಂತೆ ಮಾಡಿತು.

ಸಾಹಿತ್ಯ ಸೇವೆ

೧೯೧೫ರಲ್ಲಿ ಸ್ಥಾಪನೆಯಾದ ಸಾಹಿತ್ಯ ಪರಿಷತ್ತಿಗಾಗಿ ಇವರು ದೀರ್ಘಕಾಲ ದುಡಿದರು. ಹತ್ತನೆಯ ಶತಮಾನದ ಪಂಪನ ‘ವಿಕ್ರಮಾರ್ಜುನ ವಿಜಯ’ವನ್ನು ಸಂಪಾದಿಸಿದರು, ಅದು ೧೯೩೧ರಲ್ಲಿ ಪ್ರಕಟವಾಯಿತು. ೧೯೩೭ರಲ್ಲಿ ಜಮಖಂಡಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದರು. ಹಳಗನ್ನಡದ ಪದಸಂಪತ್ತು ಮತ್ತು ಆಧುನಿಕ ವಿಜ್ಞಾನದ ಶಿಸ್ತು ಒಬ್ಬರಲ್ಲೇ ಕೂಡಿದ್ದುದು ಇವರ ವೈಶಿಷ್ಟ್ಯ.

ನಿಧನ ಮತ್ತು ಪ್ರಭಾವ

ವೆಂಕಟನಾರಣಪ್ಪನವರು ೧೯೪೩ರಲ್ಲಿ ನಿಧನರಾದರು. ಮುಂದೆ ಶಿವರಾಮ ಕಾರಂತ, ಬಿ.ಜಿ.ಎಲ್. ಸ್ವಾಮಿ ಮೊದಲಾದವರು ಕನ್ನಡದ ವಿಜ್ಞಾನ ಸಾಹಿತ್ಯವನ್ನು ವಿಸ್ತರಿಸಿದರು. ಸಸ್ಯಗಳನ್ನು ಕುರಿತ ಸ್ವಾಮಿಯವರ ‘ಹಸುರು ಹೊನ್ನು’ ಕೃತಿಗೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಅಲ್ಪಕಾಲ ನಡೆದ ಪತ್ರಿಕೆಯೊಂದು ಹಾಕಿಕೊಟ್ಟ ದಾರಿ ಅಷ್ಟು ದೂರ ಸಾಗಿತ್ತು.